ಹೆಸರು ಕೊಟ್ಟವನ ನೆರಳು

1965ರಲ್ಲಿ ಲಂಡನ್ನಿನ ವಿದ್ಯಾರ್ಥಿಗಳ ವಾದ್ಯತಂಡವೊಂದಕ್ಕೆ ಸಿಡ್ ಬ್ಯಾರೆಟ್ ‘ಪಿಂಕ್ ಫ್ಲಾಯ್ಡ್’ ಎಂದು ಹೆಸರಿಟ್ಟ. ಅಮೆರಿಕದ ಬ್ಲೂಸ್ ಗಾಯಕರಾದ ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಇವರ ಹೆಸರುಗಳನ್ನು ಕೂಡಿಸಿದ್ದು ಅದು. ಸೈಕೆಡೆಲಿಕ್ ರಾಕ್‌ಗೆ ಮಾದರಿಯಾದ 1967ರ ಮೊದಲ ಆಲ್ಬಮ್ಮಿನ ಹೆಚ್ಚಿನ ಹಾಡುಗಳು ಅವನವೇ. ಆದರೆ ಎಲ್‌ಎಸ್‌ಡಿ ಸೇವನೆ ಮಿತಿಮೀರಿತು, ಮನಸ್ಸು ಕದಡಿತು. 1968ರಲ್ಲಿ ಅವನು ತಂಡದಿಂದ ಹೊರಬಿದ್ದ. ಅವನ ಜಾಗವನ್ನು ಡೇವಿಡ್ ಗಿಲ್ಮೋರ್ ತುಂಬಿದ.

1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಕೋಟಿಗಟ್ಟಲೆ ಮಾರಾಟವಾಯಿತು. 1975ರ ಜೂನ್‌ನಲ್ಲಿ, ಬ್ಯಾರೆಟ್‌ನನ್ನೇ ನೆನೆದು ಬರೆದ ಹಾಡಿನ ಕೆಲಸ ನಡೆದಿದ್ದಾಗ, ತಲೆ, ಹುಬ್ಬು ಬೋಳಿಸಿಕೊಂಡ ದಢೂತಿ ಆಸಾಮಿಯೊಬ್ಬ ಅಬೆ ರೋಡ್ ಸ್ಟುಡಿಯೊಗೆ ಬಂದ. ಹಳೆಯ ಗೆಳೆಯರಿಗೂ ಮೊದಲು ಗುರುತು ಹತ್ತಲಿಲ್ಲ. ಅವನೇ ಬ್ಯಾರೆಟ್!

1985ರಲ್ಲಿ ರೋಜರ್ ವಾಟರ್ಸ್ ಕೂಡ ಹೊರನಡೆದ. 2005ರಲ್ಲಿ ‘ಲೈವ್ 8’ ವೇದಿಕೆಯಲ್ಲಿ ನಾಲ್ವರೂ ಒಂದಾದಾಗ ಬ್ಯಾರೆಟ್‌ನನ್ನು ನೆನೆದರು. ಮರುವರ್ಷ ಅವನು ತೀರಿಕೊಂಡ. ಹೆಸರು ಕೊಟ್ಟವನು ತಂಡದಲ್ಲಿದ್ದುದು ಮೂರೇ ವರ್ಷ. ಅವನ ನೆರಳು ಮಾತ್ರ ಕೊನೆಯವರೆಗೂ ತಂಡವನ್ನು ಬಿಡಲಿಲ್ಲ.