ಲಾಗಿನ್ ಆದಾಗ ನನ್ನದೇ ಡೆಸ್ಕ್‌ಟಾಪ್ ಬರುವುದು ಹೇಗೆ?

ಪ್ರಶ್ನೆ: ಲಿನಕ್ಸ್‌ನಲ್ಲಿ ಲಾಗಿನ್ ಆದ ಕೂಡಲೇ ನನಗೆ ಬೇಕಾದ ಕಾರ್ಯಕ್ರಮಗಳಷ್ಟೇ ತೆರೆದುಕೊಳ್ಳುವಂತೆ ಮಾಡಬಹುದೇ?

ಉತ್ತರ: ಖಂಡಿತ ಮಾಡಬಹುದು. ಅದಕ್ಕೆ ಒಂದು ಪುಟ್ಟ ಪಠ್ಯ ಕಡತ ಸಾಕು. ಎಂಐಟಿಯಲ್ಲಿ 1984ರಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆಗೆ 1988ರಲ್ಲಿ ಎಕ್ಸ್‌ಡಿಎಂ ಎಂಬ ಲಾಗಿನ್ ಪರದೆ ಸೇರಿತು. ಪಾಸ್‌ವರ್ಡ್ ಸರಿಯಾದರೆ ಅದು ನಿಮ್ಮ ಹೋಮ್ ಫೋಲ್ಡರಿನ ‘.ಎಕ್ಸ್‌ಸೆಷನ್’ ಕಡತವನ್ನು ಹುಡುಕಿ ನಡೆಸುತ್ತದೆ. ಡೆಬಿಯನ್‌ನಲ್ಲಿ ಇಂದಿಗೂ ಇದು ಕೆಲಸ ಮಾಡುತ್ತದೆ.

ಆ ಕಡತದಲ್ಲಿ ಮೊದಲು ಕನ್ನಡ ಟೈಪಿಂಗಿಗೆ ಐಬಸ್, ಆಮೇಲೆ ಟರ್ಮಿನಲ್, ಕೊನೆಗೆ ಓಪನ್‌ಬಾಕ್ಸ್‌ನಂಥ ವಿಂಡೋ ಮ್ಯಾನೇಜರ್ ಎಂದು ಬರೆಯಿರಿ. ಮೊದಲಿನ ಸಾಲುಗಳ ತುದಿಯಲ್ಲಿ ‘&’ ಚಿಹ್ನೆ ಇರಲೇಬೇಕು; ಇಲ್ಲದಿದ್ದರೆ ಟರ್ಮಿನಲ್ ಮುಚ್ಚುವವರೆಗೆ ಮುಂದಿನ ಸಾಲು ಆರಂಭವೇ ಆಗದು. ಕೊನೆಯ ಸಾಲಿಗೆ ಮಾತ್ರ ಅದು ಕೂಡದು. ಸೆಷನ್ನಿನ ಆಯಸ್ಸು ಆ ಸಾಲಿನ ಆಯಸ್ಸು. ಅಲ್ಲೂ ‘&’ ಹಾಕಿದರೆ ಕಡತ ತಕ್ಷಣ ಮುಗಿದು, ಪರದೆ ಒಮ್ಮೆ ಮಿನುಗಿ ಮತ್ತೆ ಲಾಗಿನ್‌ಗೇ ಮರಳುತ್ತದೆ. ಪಾಸ್‌ವರ್ಡ್ ತಪ್ಪಾಯಿತೇನೋ ಎಂದು ಅನೇಕರು ಗಾಬರಿಯಾಗುವುದು ಇಲ್ಲಿಯೇ.

ಹಾಗಾದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ, ಪಠ್ಯ ಕನ್ಸೋಲ್‌ನಲ್ಲಿ ಲಾಗಿನ್ ಆಗಿ, ‘.ಎಕ್ಸ್‌ಸೆಷನ್-ಎರರ್ಸ್’ ಕಡತ ಓದಿ. ಕಾರಣ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಒಂದು ಎಚ್ಚರಿಕೆ: ಎಕ್ಸ್‌ಗೆ ಬದಲಾಗಿ ಬಂದಿರುವ ವೇಲ್ಯಾಂಡ್‌ನ ಸೆಷನ್‌ಗಳು ‘.ಎಕ್ಸ್‌ಸೆಷನ್’ ಕಡತವನ್ನು ಓದುವುದಿಲ್ಲ. ಅಲ್ಲಿ ನಿಮ್ಮ ಡೆಸ್ಕ್‌ಟಾಪಿನ ಆಟೋಸ್ಟಾರ್ಟ್ ಸೌಲಭ್ಯವನ್ನೇ ಬಳಸಿ.