ಆಡದೆ ಆಡಿದ ಮಾತು

ಪಡಸಾಲೆಯಲ್ಲಿ ಕುಳಿತ ಅತ್ತೆ ಹಾಲು ಕುಡಿದ ಬೆಕ್ಕನ್ನು ಬೈಯುತ್ತಿದ್ದರೆ ಅಡಿಗೆಮನೆಯಲ್ಲಿರುವ ಸೊಸೆಯ ಮುಖ ಕೆಂಪಾಗುವುದೇಕೆ? ಬೈಗುಳದಲ್ಲಿ ಸೊಸೆಯ ಹೆಸರಿಲ್ಲ. ಕೇಳಿದರೆ, ‘ನಿನಗೆ ಯಾರಮ್ಮ ಅಂದರು? ನಾನು ಬೆಕ್ಕಿಗೆ ಅಂದೆ’ ಎಂಬ ಉತ್ತರ ಸಿದ್ಧವಾಗಿಯೇ ಇದೆ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆ ಹುಟ್ಟಿದುದು ಇಂಥ ಮಾತಿನ ಬಲವನ್ನು ಕಂಡೇ. ಇಂಗಿತ, ಕೊಂಕು, ಕುಟುಕು, ವ್ಯಂಗ್ಯ ಎಂದು ಮುಂತಾಗಿ ಇದಕ್ಕೆ ಕನ್ನಡದಲ್ಲಿ ಹೆಸರುಗಳ ಕೊರತೆಯಿಲ್ಲ.

ನಮ್ಮ ಆಲಂಕಾರಿಕರು ಮಾತಿನ ಈ ಶಕ್ತಿಯನ್ನು ಬಹು ಹಿಂದೆಯೇ ಗುರುತಿಸಿದರು. ‘ಗಂಗೆಯಲ್ಲಿ ಗೊಲ್ಲರ ಹಳ್ಳಿ’ ಎಂಬುದು ಅವರ ಪ್ರಸಿದ್ಧ ಉದಾಹರಣೆ. ನೀರಿನ ಮೇಲೆ ಹಳ್ಳಿಯಿರಲಾರದು. ಆದುದರಿಂದ ದಡದಲ್ಲಿ ಎಂದು ತಿಳಿಯುತ್ತೇವೆ. ಅದರೊಡನೆಯೇ ಆ ಹಳ್ಳಿಯ ತಂಪೂ ಪಾವಿತ್ರ್ಯವೂ ಮನಸ್ಸಿಗೆ ಹೊಳೆಯುತ್ತವೆ. ಅವನ್ನು ಯಾವ ಪದವೂ ಹೇಳಿಲ್ಲ. ಕೇಳಿದವನ ಮನಸ್ಸೇ ತುಂಬಿಕೊಂಡಿತು. 9ನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಇದನ್ನು ಧ್ವನಿಯೆಂದು ಕರೆದು, ಕಾವ್ಯದ ಆತ್ಮವೆಂದು ಸಾರಿದನು. ಅದೇ ಶತಮಾನದ ನಮ್ಮ ‘ಕವಿರಾಜಮಾರ್ಗ’ದಲ್ಲಿಯೂ ಧ್ವನಿಯ ಪ್ರಸ್ತಾಪವಿದೆ.

ಗ್ರಂಥದ ಈ ಮಾತನ್ನು ಬಯಲಿನಲ್ಲಿ ಕಾಣಬೇಕಾದರೆ ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಬೇಕು. ಭರತ ಹುಣ್ಣಿಮೆಯ ಜಾತ್ರೆಗೆ ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿಯ ಸೀಮೆಗಳಿಂದಲೂ, ದೂರದ ಜಿಲ್ಲೆಗಳಿಂದಲೂ ಜನ ಬಂದು ಸೇರುವರು. ಡೆಂಕನಮರಡಿಯಲ್ಲಿ, ವ್ರತದಿಂದ ಉಪವಾಸವಿದ್ದ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುವನು. ಅಷ್ಟು ದೊಡ್ಡ ಜಾತ್ರೆ ಒಮ್ಮೆಗೇ ಮೌನವಾಗುತ್ತದೆ. ‘ಪರಾಕ್’ ಎಂದು ಮುಗಿಯುವ ಒಂದೇ ಮಾತನ್ನು ನುಡಿದು ಅವನು ಮೇಲಿನಿಂದ ಕೆಳಕ್ಕೆ ಬೀಳುವನು, ಕೆಳಗಿದ್ದವರು ಹಿಡಿದುಕೊಳ್ಳುವರು. ಇದೇ ಮೈಲಾರದ ಕಾರ್ಣಿಕ.

2023ರ ಕಾರ್ಣಿಕದಲ್ಲಿ ಅಂಬಲಿ ಹಳಸಿತ್ತು, ಕಂಬಳಿ ಬೀಸಿತ್ತು. 2025ರಲ್ಲಿ ತುಂಬಿದ ಕೊಡ ತುಳುಕಿತು. ಮಾತು ಇಷ್ಟೇ, ಉಳಿದುದೆಲ್ಲ ಕೇಳಿದವರ ಪಾಲಿಗೆ. ಕೊಡ ತುಳುಕುವುದೆಂದರೆ ಮಳೆ ಸಮೃದ್ಧವೆಂದೇ, ಕೈಗೆ ಬಂದುದು ಚೆಲ್ಲಿಹೋಗುವುದೆಂದೇ? ಮಳೆಯನ್ನೇ ನಂಬಿದ ರೈತನು ಅದರಲ್ಲಿ ಮುಂಗಾರನ್ನು ಕಾಣುವನು. ರಾಜಕಾರಣಿಯು ಕುರ್ಚಿಯನ್ನು ಕಾಣುವನು. 2023ರ ಮೇ ತಿಂಗಳಲ್ಲಿ ವಿಧಾನಸಭೆಯ ಚುನಾವಣೆಯಿತ್ತು. ಆ ಕಂಬಳಿಯಲ್ಲಿ ಮುಂದಿನ ಮುಖ್ಯಮಂತ್ರಿಯ ಜಾಡನ್ನು ಹುಡುಕಿದವರೂ ಇದ್ದರು.

ಇಲ್ಲಿಯೂ ಮಾತು ಮುಸುಕು ಹಾಕಿಕೊಂಡೇ ಬರುತ್ತದೆ. ಆದರೆ ಯಾರನ್ನೂ ನೋಯಿಸುವುದಿಲ್ಲ. ಅದು ಸಾವಿರಾರು ಜನರ ಎದುರಿಗೆ, ಬಹಿರಂಗವಾಗಿ, ಎಲ್ಲರಿಗೂ ಒಂದೇ ಆಗಿ ಕೇಳಿಸುವ ಮಾತು. ಅದಕ್ಕೆ ಗುರಿಯಾದ ವ್ಯಕ್ತಿಯಿಲ್ಲ. ಮೇಲಾಗಿ, ತಾನು ಹೇಳುತ್ತಿರುವ ಅರ್ಥ ತನ್ನದೆಂಬುದನ್ನು ಅಲ್ಲಿ ಅರ್ಥ ಹೇಳುವ ಪ್ರತಿಯೊಬ್ಬನೂ ಬಲ್ಲನು.

ಸಭೆಯ ವೇದಿಕೆಯಿಂದ ಹೊರಡುವ ಇಂಗಿತದ ರೀತಿಯೇ ಬೇರೆ. ‘ಸಂಘದ ಹಣ ಎಲ್ಲಿಗೆ ಹೋಯಿತೆಂದು ನಾನು ಹೇಳುವುದಿಲ್ಲ, ಯಾರ ಮನೆಗೆ ಹೊಸ ಮಹಡಿ ಬಂದಿದೆಯೋ ನೀವೇ ನೋಡಿ’ ಎಂದು ಭಾಷಣಕಾರನೊಬ್ಬನು ನಕ್ಕು ಕುಳಿತುಕೊಂಡನೆನ್ನಿ. ಸಾಲ ಮಾಡಿ ಮಹಡಿ ಕಟ್ಟಿಸಿದ ಬಡ ಗುಮಾಸ್ತನ ಗತಿಯೇನು? ಎದ್ದು ಉತ್ತರ ಕೊಟ್ಟರೆ ಹೆಗಲು ಮುಟ್ಟಿಕೊಂಡಂತೆ, ಸುಮ್ಮನಿದ್ದರೆ ಒಪ್ಪಿಕೊಂಡಂತೆ. ಆಪಾದನೆಯೇ ಇಲ್ಲದಿರುವಾಗ ಅವನು ಯಾವುದನ್ನು ಅಲ್ಲಗಳೆಯಬೇಕು? ಮರುದಿನ ಅಂಗಡಿಯವನು ಅವನಿಗೆ ಕಡ ಕೊಡಲು ಹಿಂದುಮುಂದು ನೋಡುವನು; ಮಗಳ ಸಂಬಂಧಕ್ಕೆ ಬಂದವರು ಮತ್ತೆ ಬರುತ್ತೇವೆಂದು ಹೇಳಿ ಹೋಗುವರು.

ಕಾನೂನು ಈ ಜಾಣತನಕ್ಕೆ ಮೋಸಹೋಗಿಲ್ಲ. 1860ರ ಭಾರತೀಯ ದಂಡಸಂಹಿತೆಯ 499ನೆಯ ಕಲಮು, ವ್ಯಂಗ್ಯವಾಗಿ ಆಡಿದ ಮಾತೂ ಮಾನಹಾನಿಯಾಗಬಹುದೆಂದು ಹೇಳಿತು. ಅದಕ್ಕೆ ಕೊಟ್ಟಿರುವ ದೃಷ್ಟಾಂತವು ಸ್ವಾರಸ್ಯವಾದುದು: ಒಬ್ಬನನ್ನು ಪ್ರಾಮಾಣಿಕನೆಂದು ಹೊಗಳಿ, ಇಂಥವರ ಗಡಿಯಾರವನ್ನು ಅವನು ಕದ್ದೇ ಇಲ್ಲವೆಂದು ಹೇಳುವುದು, ಕದ್ದನೆಂದು ಜನ ನಂಬಲೆಂಬುದೇ ಉದ್ದೇಶ! 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಲ್ಲಿಯೂ ಈ ತತ್ತ್ವ ಉಳಿದುಕೊಂಡಿದೆ.

ಆದರೆ ಪ್ರತಿಯೊಂದು ಕೊಂಕಿಗೂ ಕೋರ್ಟಿನ ಮೆಟ್ಟಿಲೇರಲು ಯಾರಿಂದ ಸಾಧ್ಯ? ಇದಕ್ಕೆ ಮದ್ದು ಕೇಳುವವರ ಕೈಯಲ್ಲಿಯೂ ಇದೆ. ಇಂಗಿತದಲ್ಲಿ ಆಡಿದವನದು ಅರ್ಧ. ಉಳಿದರ್ಧವನ್ನು ತುಂಬಿ, ಸುದ್ದಿಯೆಂದು ಪಕ್ಕದ ಮನೆಗೆ ಮುಟ್ಟಿಸುವವರು ನಾವು. ‘ಯಾರು, ಎಷ್ಟು ಹಣ, ನಿಮ್ಮಲ್ಲಿ ಲೆಕ್ಕವಿದೆಯೇ?’ ಎಂದು ಆ ಸಭೆಯಲ್ಲಿ ಒಬ್ಬನಾದರೂ ಎದ್ದು ಕೇಳಿದ್ದರೆ, ಭಾಷಣಕಾರನು ಲೆಕ್ಕ ಕೊಡಬೇಕಾಗಿತ್ತು, ಇಲ್ಲವೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿತ್ತು. ಗುಮಾಸ್ತನು ತಲೆಯೆತ್ತಿ ಮನೆಗೆ ಹೋಗುತ್ತಿದ್ದನು.