ಮನೆಯ ಗಾಳಿ ಸೋರಿಕೆ: ಮುಚ್ಚುವುದೆಲ್ಲಿ, ಬಿಡುವುದೆಲ್ಲಿ?

ಜಯನಗರ, ಜೆ.ಪಿ. ನಗರ, ಬನಶಂಕರಿಗಳಲ್ಲಿ ಹೊಸ ಮನೆ ಕಟ್ಟಿಸುವವರು ತಾರಸಿ ಸೋರುತ್ತದೆಯೇ ಎಂದು ತಿಳಿಯಲು ಅದರ ಮೇಲೆ ನೀರು ನಿಲ್ಲಿಸಿ ನೋಡುತ್ತಾರೆ. ಆದರೆ ಅದೇ ಮನೆಯ ಕಿಟಕಿ, ಬಾಗಿಲುಗಳ ಸಂದಿಯಿಂದ ಗಾಳಿ ಸೋರುತ್ತದೆಯೇ ಎಂದು ನೋಡುವವರು ಅಪರೂಪ. ವಿದ್ಯುತ್ ಉಳಿಸುವ ಮನೆ ಬೇಕೆನ್ನುವವರು, ಅದರಲ್ಲೂ ಮಲಗುವ ಕೋಣೆಗೆ ಏ.ಸಿ. ಹಾಕಿಸುವವರು, ಇದನ್ನು ತಿಳಿದಿರುವುದು ಒಳ್ಳೆಯದು. ತಂಪಾದ ಗಾಳಿ ಸಂದಿಗಳಿಂದ ಹೊರಹೋದಷ್ಟೂ ಯಂತ್ರ ಹೆಚ್ಚು ಹೊತ್ತು ಓಡಬೇಕಾಗುತ್ತದೆ. ಧೂಳು, ಸದ್ದು ಅದೇ ದಾರಿಯಲ್ಲಿ ಒಳಬರುತ್ತವೆ.

ಪರೀಕ್ಷೆಯ ಕ್ರಮ ಹೀಗಿದೆ. ಮುಂಬಾಗಿಲಿನ ಚೌಕಟ್ಟಿಗೆ ಬಿಗಿಯಾದ ಪರದೆ ಅಳವಡಿಸಿ, ಅದರಲ್ಲಿ ದೊಡ್ಡ ಫ್ಯಾನ್ ಕೂರಿಸುತ್ತಾರೆ. ಹೊರಗಿನ ಕಿಟಕಿ, ಬಾಗಿಲುಗಳನ್ನು ಮುಚ್ಚಿ, ಒಳಬಾಗಿಲುಗಳನ್ನು ತೆರೆದಿಡುತ್ತಾರೆ. ಫ್ಯಾನು ಗಾಳಿಯನ್ನು ಹೊರಕ್ಕೆ ಎಳೆದಂತೆ ಒಳಗಿನ ಒತ್ತಡ ಕುಗ್ಗುತ್ತದೆ. ಒಳ ಹೊರಗಿನ ಒತ್ತಡದ ವ್ಯತ್ಯಾಸ 50 ಪ್ಯಾಸ್ಕಲ್ ಆದಾಗ, ಅಂದರೆ ಗಂಟೆಗೆ ಸುಮಾರು 33 ಕಿಲೋಮೀಟರ್ ವೇಗದ ಗಾಳಿ ಗೋಡೆಗೆ ಬಡಿದಷ್ಟು ಒತ್ತಡದಲ್ಲಿ, ಫ್ಯಾನು ಹೊರಹಾಕುವ ಗಾಳಿಯನ್ನು ಅಳೆಯುತ್ತಾರೆ. ಅಷ್ಟೇ ಗಾಳಿ ಸಂದಿಗಳಿಂದ ಒಳಬರುತ್ತಿದೆ ಎಂದು ಅರ್ಥ.

ಸಾವಿರ ಚದರಡಿಯ, ಹತ್ತು ಅಡಿ ಎತ್ತರದ ಮನೆಯಲ್ಲಿ 10,000 ಘನ ಅಡಿ ಗಾಳಿ ಇರುತ್ತದೆ. ಫ್ಯಾನು ಗಂಟೆಗೆ 50,000 ಘನ ಅಡಿ ಹೊರಹಾಕಿದರೆ ಮನೆಯ ಗಾಳಿ ಗಂಟೆಗೆ ಐದು ಸಲ ಬದಲಾದಂತಾಯಿತು. ಮೊದಲ ‘ಪ್ಯಾಸಿವ್ ಹೌಸ್’ 1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಸಿದ್ಧವಾಯಿತು. ಅಂಥ ಮನೆಗಳಿಗೆ ಈ ಮಿತಿ 0.6 ಸಲ ಮಾತ್ರ!

ಹಾಗಾದರೆ ನಾವೂ ಮನೆಯನ್ನು ಅಷ್ಟು ಬಿಗಿ ಮಾಡಬೇಕೇ? ಬೇಕಿಲ್ಲ. ಕೊರೆಯುವ ಚಳಿಯ ಆ ನಾಡಿನಲ್ಲಿ ಒಳಗಿನ ಬಿಸಿ ಹೊರಹೋಗಬಾರದು. ಅಲ್ಲಿ ತಾಜಾ ಗಾಳಿ ಒದಗಿಸಲು ಪ್ರತ್ಯೇಕ ಯಂತ್ರವೇ ಇರುತ್ತದೆ. ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವರ್ಷದ ಹೆಚ್ಚು ಕಾಲ ತೆರೆದ ಕಿಟಕಿಯೇ ಸಾಕು. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ‘ಇಕೋ ನಿವಾಸ ಸಂಹಿತೆ’ ನಮ್ಮಂಥ ಸಮಶೀತೋಷ್ಣ ಪ್ರದೇಶದ ಮನೆಗಳಲ್ಲಿ ಹೊರಕ್ಕೆ ತೆರೆಯುವ ಭಾಗ ನೆಲದ ವಿಸ್ತೀರ್ಣದ ಶೇಕಡಾ 12.5ರಷ್ಟಾದರೂ ಇರಬೇಕೆನ್ನುತ್ತದೆ. ಈ ಸಂಹಿತೆ 500 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ನಿವೇಶನಗಳಿಗೆ ರೂಪಿಸಿದ್ದಾದರೂ, 30x40 ನಿವೇಶನದವರಿಗೂ ಈ ಅಳತೆ ಒಳ್ಳೆಯ ಮಾರ್ಗದರ್ಶಿ.

ದೊಡ್ಡ ಯಂತ್ರವಿಲ್ಲದೆಯೂ ಸೋರಿಕೆಯ ಜಾಗ ಪತ್ತೆಮಾಡಬಹುದು. ಬಣ್ಣ ಬಳಿಯುವ ಮೊದಲು ಕಿಟಕಿ, ಬಾಗಿಲು ಮುಚ್ಚಿ, ಸೀಲಿಂಗ್ ಫ್ಯಾನ್ ಆರಿಸಿ, ಅಡುಗೆಮನೆಯ ಎಗ್ಸಾಸ್ಟ್ ಫ್ಯಾನ್ ಹಾಕಿ. ಹಚ್ಚಿದ ಊದುಬತ್ತಿಯನ್ನು ಕಿಟಕಿ ಚೌಕಟ್ಟು, ಬಾಗಿಲ ಅಡಿ, ಸ್ವಿಚ್ ಬೋರ್ಡು, ಏ.ಸಿ. ಪೈಪಿನ ರಂಧ್ರಗಳ ಬಳಿ ನಿಧಾನವಾಗಿ ಸರಿಸಿ. ಹೊಗೆ ಒಮ್ಮೆಲೇ ಒಳಕ್ಕೆ ಬಾಗಿದರೆ ಅಲ್ಲಿ ಸಂದಿಯಿದೆ. ಅದನ್ನು ಸಿಲಿಕೋನ್ ಸೀಲೆಂಟ್ ಅಥವಾ ರಬ್ಬರ್ ಪಟ್ಟಿಯಿಂದ ಮುಚ್ಚಬಹುದು. ಆದರೆ ಜಾರುಕಿಟಕಿಯ ಕೆಳಪಟ್ಟಿಯ ಸಣ್ಣ ರಂಧ್ರಗಳನ್ನು ಮುಚ್ಚಬೇಡಿ. ಅವು ಮಳೆನೀರು ಹೊರಹೋಗುವ ದಾರಿ.

ಎಲ್ಲಕ್ಕಿಂತ ಮುಖ್ಯವಾಗಿ, ಸ್ನಾನದ ಮನೆಯ ವೆಂಟಿಲೇಟರನ್ನು ಎಂದಿಗೂ ಮುಚ್ಚಬಾರದು. ಗ್ಯಾಸ್ ಗೀಸರ್ ಉರಿಯಲು ಗಾಳಿ ಸಾಲದಾದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣ, ವಾಸನೆ ಇಲ್ಲದ ಈ ಅನಿಲದಿಂದ ಸ್ನಾನಕ್ಕೆ ಹೋದವರು ಪ್ರಾಣ ಕಳೆದುಕೊಂಡ ಘಟನೆಗಳು ನಮ್ಮ ನಗರದಲ್ಲೂ ನಡೆದಿವೆ. ಅಂಥ ಗೀಸರನ್ನು ಸ್ನಾನದ ಮನೆಯ ಹೊರಗೆ, ಗಾಳಿಯಾಡುವ ಜಾಗದಲ್ಲಿ ಇಡಿಸುವುದೇ ಸರಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿ ಶೇಖರವಾಗುತ್ತದೆ. ಆದ್ದರಿಂದ ಸಿಲಿಂಡರ್ ಇರುವೆಡೆ ಗೋಡೆಯ ತಳದಲ್ಲಿ ಬಿಟ್ಟ ಕಿಂಡಿಯೂ ಹಾಗೆಯೇ ತೆರೆದಿರಲಿ.

ನಮಗೆ ತಿಳಿಯದೆ ಉಳಿದ ಸಂದಿ ಸೋರಿಕೆ. ನಾವೇ ಬೇಕೆಂದು ಬಿಟ್ಟ ಕಿಂಡಿ ಗಾಳಿಯಾಟ. ಮೊದಲನೆಯದನ್ನು ಮುಚ್ಚಿ, ಎರಡನೆಯದನ್ನು ಕಾಪಾಡಿಕೊಳ್ಳಿ. ಗೃಹಪ್ರವೇಶದ ದಿನ ಗೊತ್ತುಮಾಡುವ ಮೊದಲು ಊದುಬತ್ತಿ ಹಿಡಿದು ಮನೆಯನ್ನು ಒಮ್ಮೆ ಸುತ್ತಿ ನೋಡುವಿರಲ್ಲವೇ?